ಖರ್ಚಿಲ್ಲದ ಸಭೆ

"ಕದ್ದವನ ಕೈ ಸೇದುಹೋಗ!"

ಅಜ್ಜಿ ಮೈಕಿಗೆ ಬಾಯಿಟ್ಟು ಕೂಗಿದ ರಭಸಕ್ಕೆ ಶಾಲೆಯ ಹೆಂಚುಗಳೇ ಅರ್ಧ ಅಡಿ ಮೇಲೆದ್ದು ಕೂತವು. ವೇದಿಕೆಯ ಮೇಲಿದ್ದ ಅಧ್ಯಕ್ಷೆ ಬೆಚ್ಚಿದಳು.

ವಾರ್ಡಿನ ದುಡ್ಡನ್ನು ಯಾವ ಕೆಲಸಕ್ಕೆ ಹಾಕಬೇಕೆಂದು ಜನರೇ ಕೈಯೆತ್ತಿ ತೀರ್ಮಾನಿಸುವ ಸಭೆ ಅದು. ಹೋದ ವರ್ಷ ಶಾಮಿಯಾನ, ಕುರ್ಚಿ, ಮೈಕು, ಚಹಾ ಅಂತ ಜನರನ್ನು ಕೇಳುವುದಕ್ಕೇ ಅರ್ಧ ದುಡ್ಡು ಕರಗಿಹೋಗಿತ್ತು. ಆಮೇಲೆ ಅಧ್ಯಕ್ಷೆ ಬೀದಿಗಿಳಿದರೆ ಸಾಕು, "ಅಕ್ಕಾ, ಚಹಾ ಚೆನ್ನಾಗಿತ್ತು. ಬೀದಿದೀಪ ಎಲ್ಲಿ?" ಎಂದು ತರಕಾರಿಯವನೂ ಕೇಳುತ್ತಿದ್ದ. ನಾಚಿಕೆಯಿಂದ ತಗ್ಗಿಸಿ ತಗ್ಗಿಸಿ ಆಕೆಯ ಕತ್ತೇ ಗಿಡ್ಡವಾಗಿತ್ತು.

ಈ ಸಲ ಸಭೆಗೆ ಬಿಡಿಗಾಸೂ ಖರ್ಚಿಲ್ಲ ಎಂದು ಹಟ ಹಿಡಿದಳು. ಹಜಾರ ಶಾಲೆಯದು, ಮೈಕು ಎರವಲು, ಕುಡಿಯುವ ನೀರು ಅವರವರ ಮನೆಯದು. ವೇದಿಕೆ ಹತ್ತಲು ಮೆಟ್ಟಿಲಿರಲಿಲ್ಲ. "ಬಾಡಿಗೆಗೆ ತಂದ್ಯೋ, ಕಾಲು ಮುರೀತೀನಿ. ಎಲ್ಲಿಂದಾದ್ರೂ ಹೊಂದಿಸು" ಎಂದು ಮೈದುನನಿಗೆ ಹೇಳಿದಳು. ಅವನು ಹೊಂದಿಸಿದ. ಒರಟಾಗಿ ಕಾಣುತ್ತದೆಂದು ಆಕೆಯೇ ಅವಸರದಲ್ಲಿ, ಸರಿಯಾಗಿ ನೋಡದೆ, ಅದರ ಮೇಲೆ ಮನೆಯ ಹಳೆಯ ಹೊದಿಕೆ ಹಾಸಿದ್ದಳು.

"ಏನಜ್ಜಿ ಕಳುವಾಗಿದ್ದು?" ಅಧ್ಯಕ್ಷೆ ಕೇಳಿದಳು.

"ಮನೆ ಮುಂದಿನ ಮೋರಿ ಚಪ್ಪಡಿ ಕಣೇ! ರಾತ್ರಿ ಇತ್ತು, ಬೆಳಗ್ಗೆ ಇಲ್ಲ. ಸೊಸೆ ಕೊಡ ಹೊತ್ಕೊಂಡು ಬಂದವಳು ಸೀದಾ ಮೋರಿಗೆ! ಕಾಲಿಗೆ ಎಷ್ಟು ದಪ್ಪ ಕಟ್ಟು ಹಾಕಿದಾರೆ ಅಂದ್ರೆ, ಅದಕ್ಕೇ ಬೇರೆ ಮಂಚ ಬೇಕು."

ಜನ ನಕ್ಕರು. ಅಜ್ಜಿ ನಗಲಿಲ್ಲ.

"ಅದನ್ನ ಹಾಕಿದ ದಿನ ಮೊಮ್ಮಗಳು ಹಸಿ ಸಿಮೆಂಟಿನ ಮೇಲೆ ಕಾಲಿಟ್ಟಿದ್ಲು. ಆಗಷ್ಟೇ ನಡೆಯೋಕೆ ಕಲ್ತಿದ್ಲು, ಕೂಸು. ದಿನಾ ಅದನ್ನ ನೋಡ್ಕೊಂಡೇ ಒಳಗೆ ಹೋಗ್ತಿದ್ದೆ."

ಎಲ್ಲರ ಕಣ್ಣುಗಳೂ ಹಿಂದಿನ ಸಾಲಿನ ಗುತ್ತಿಗೆದಾರನ ಕಡೆ ಹೊರಳಿದವು. ಹಳೆಯ ಚಪ್ಪಡಿಗೆ ಸಿಮೆಂಟು ಬಳಿದು ಹೊಸದೆಂದು ಮಾರುವವನೆಂದು ಅವನಿಗೆ ಹೆಸರಿತ್ತು.

"ನಾನಲ್ಲಪ್ಪಾ! ನನ್ನ ಮುಖ ಏನು ನೋಡ್ತೀರಿ?"

ಬಾಗಿಲ ಬಳಿ ಮೈದುನ ಕೆಮ್ಮಿದ. "ಅತ್ತಿಗೆ, ಒಂದ್ನಿಮಿಷ..."

"ಸುಮ್ನಿರೋ, ಆಮೇಲೆ!" ಅಧ್ಯಕ್ಷೆ ಅಜ್ಜಿಯ ಕೈಯಿಂದ ಮೈಕು ತೆಗೆದುಕೊಂಡಳು. "ದೀಪ ಇನ್ನೊಂದು ವರ್ಷ ಕಾಯ್ಲಿ. ಅಜ್ಜಿಗೆ ಹೊಸ ಚಪ್ಪಡಿ ಹಾಕಿ, ಬೀದಿಯ ಉಳಿದ ಚಪ್ಪಡಿಗಳನ್ನೂ ಕಳ್ಳರ ಕೈಗೆ ಸಿಗದ ಹಾಗೆ ಬಿಗಿಸೋಣ. ಒಪ್ಪಿಗೆ ಇರೋರು ಕೈಯೆತ್ತಿ!"

ಹಜಾರದ ತುಂಬ ಕೈಗಳ ಕಾಡೇ ಎದ್ದಿತು.

"ಇನ್ನು ಆ ಕಳ್ಳರು. ಇದೇ ವೇದಿಕೆ ಮೇಲೆ ನಿಲ್ಲಿಸಿ, ಇದೇ ಮೈಕು ಹಿಡಿಸಿ ಕ್ಷಮೆ ಕೇಳಿಸ್ತೀನಿ. ನಮ್ಮನೆಯವರೇ ಆದ್ರೂ ಬಿಡಲ್ಲ!"

ಚಪ್ಪಾಳೆಯೋ ಚಪ್ಪಾಳೆ. ವರ್ಷದ ಮೇಲೆ ಆಕೆಯ ಕತ್ತು ನೆಟ್ಟಗಾಯಿತು. ಮೈದುನ ಮಾತ್ರ ಗೋಡೆಗೆ ಮುಖ ಮಾಡಿ ನಿಂತಿದ್ದ.

ಅಜ್ಜಿ ಕಣ್ಣೊರೆಸಿಕೊಂಡು ಇಳಿಯಲು ಹೊರಟಳು. ಅಧ್ಯಕ್ಷೆ ತಾನೇ ತೋಳು ಹಿಡಿದಳು. ಊರುಗೋಲಿಗೆ ಮೆಟ್ಟಿಲಿನ ಹೊದಿಕೆ ಸಿಕ್ಕಿ ಪಕ್ಕಕ್ಕೆ ಜಾರಿತು. ಅಜ್ಜಿ ಕೆಳಗೆ ನೋಡಿದಳು. ಮೆಲ್ಲಗೆ ವೇದಿಕೆಯ ಅಂಚಿಗೆ ಕೂತು, ಬಗ್ಗಿ, ಮೆಟ್ಟಿಲನ್ನು ಅಂಗೈಯಿಂದ ಸವರಿದಳು.

ಅದರ ಸಿಮೆಂಟಿನಲ್ಲಿ ಒಂದು ಪುಟ್ಟ ಪಾದ ಮೂಡಿತ್ತು. ಮೈಕು ಇನ್ನೂ ಅಧ್ಯಕ್ಷೆಯ ಕೈಯಲ್ಲೇ ಇತ್ತು.