ಟೈಪ್‌ರೈಟರಿಗೆ ಹೊಸ ರಬ್ಬರು

“ಸದ್ದು ಅಡುಗೆಮನೆಗೆ ಬರಬಾರ್ದು ನೋಡ್ರಿ. ಬಂದ್ರೆ ನಾಳೆನೇ ಅದು ಗುಜರಿಗೆ.”

ಮೂಕಪ್ಪ ಇನ್ನೂ ಚೀಲ ಕೆಳಗಿಟ್ಟಿರಲಿಲ್ಲ. ಕಸ್ತೂರಮ್ಮ ಲಟ್ಟಣಿಗೆ ಹಿಡಿದುಕೊಂಡೇ ಬಾಗಿಲಿಗೆ ಬಂದಿದ್ದರು.

“ಹಳೇ ರಬ್ಬರು ಕಲ್ಲಾಗಿತ್ತು ಅಮ್ಮಾರೆ, ಅದಕ್ಕೇ ಅಷ್ಟು ಸದ್ದು. ಹೊಸದು ಹಾಕಿಸ್ಕೊಂಡು ಬಂದೀನಿ.”

“ನಿಮ್ಮ ಹೆಸರಿನಂಗೇ ಮಾಡಿಬಿಡ್ರಿ ಅದನ್ನ.”

ಟೈಪ್‌ರೈಟರ್ ರಿಪೇರಿಯ ಮೂಕಪ್ಪನದು ಚನ್ನಗಿರಿ. ಈಗ ಈ ಕೆಲಸಕ್ಕೆ ಕರೆಯುವವರೇ ಕಡಿಮೆ. ಯಾರು ಕರೆದರೂ ಬಸ್ಸು ಹತ್ತುತ್ತಾನೆ. ಹೋದ ವಾರ ನ್ಯಾಮತಿಯ ಈ ಮನೆಗೆ ಬಂದು, ಹಾಳೆ ಸುತ್ತುವ ರೋಲರನ್ನು ಬಿಚ್ಚಿಕೊಂಡು ಹೋಗಿದ್ದ. ವಾರವಿಡೀ ಯಂತ್ರ ಬಾಯಿ ಮುಚ್ಚಿತ್ತು.

“ಮನೆ ತಣ್ಣಗಿತ್ತು,” ಎಂದರು ಕಸ್ತೂರಮ್ಮ. “ಇವರು ಮಾತ್ರ ಬೋನಿಗೆ ಬಿದ್ದೋರಂಗೆ ಒಳಗೇ ತಿರುಗಾಡ್ತಿದ್ರು. ಡಾಕ್ಟ್ರು ಸಂಜೆ ಹೊರಗಿನ ತಿಂಡಿ ಬಂದ್ ಅಂದಾರೆ. ಮನೇಲಿ ಕೂತು ಏನಾದ್ರೂ ಬರೀಲಿ ಅಂತ ನಾನೇ ಒಪ್ಪಿದ್ದು. ನ್ಯಾಮತಿ ಚರಿತ್ರೆ ಬರೀತಾರಂತೆ! ಊರು ತಾಲ್ಲೂಕಾಗಿ ಎಷ್ಟು ಕಾಲ ಆಯ್ತು, ಇವರ ಚರಿತ್ರೆ ಇನ್ನೂ ಮೊದಲನೇ ಅಧ್ಯಾಯದಾಗೇ ಐತೆ.”

ಯಂತ್ರವಿದ್ದದ್ದು ಹಿಂದಿನ ಕೋಣೆಯಲ್ಲಿ. ಅಲ್ಲೇ ಕಿಟಕಿ ಪಕ್ಕದ ಮಂಚದಲ್ಲಿ ಕಸ್ತೂರಮ್ಮನ ಅತ್ತೆ ಉಚ್ಚಂಗಮ್ಮ ಮಲಗಿದ್ದರು. ಕೈಯಲ್ಲಿ ರುದ್ರಾಕ್ಷಿ ಸರ, ಬೆರಳುಗಳು ಮಾತ್ರ ಅಲುಗುತ್ತಿದ್ದವು.

“ಪಾಪ, ಅತ್ತೆಗೆ ಕಿವಿ ಕೇಳ್ಸಲ್ಲ. ಅದಕ್ಕೇ ಆ ಮಿಷನ್ನು ಇಲ್ಲೇ ಇಟ್ಟಿರೋದು. ಬೇರೆ ಯಾರು ತಡ್ಕೊಂತಾರೆ?” ಎಂದು ಕಸ್ತೂರಮ್ಮ ರೊಟ್ಟಿಯ ಕಡೆ ಹೋದರು.

ಅವರ ಹೆಜ್ಜೆ ಸದ್ದು ದೂರವಾಯಿತು. ಯಜಮಾನರಾದ ಬಸವರಾಜಪ್ಪ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ಹೊನ್ನಾಳಿಯ ಕೋರ್ಟಿನಲ್ಲಿ ಟೈಪಿಸ್ಟಾಗಿ ನಿವೃತ್ತರಾದವರು.

“ಮೂಕಪ್ಪ, ಸದ್ದು ತೆಗೀಬ್ಯಾಡಪ್ಪ. ಅಡುಗೆಮನೆಗೆ ಕೇಳಲೇಬೇಕು.”

“ಅಮ್ಮಾರು ಗುಜರಿಗೆ ಹಾಕ್ತೀನಿ ಅಂತಾರೆ.”

“ಸದ್ದು ಇಲ್ದಿದ್ರೆ ಗುಜರಿಗೇ ಹೋಗ್ಲಿ. ಆಮೇಲೆ ಅದು ಇದ್ದೂ ಏನು ಬಂತು?”

ಮೂಕಪ್ಪ ಹಿತ್ತಿಲ ಬಾಗಿಲು ತೆರೆದು ಬೆಳಕು ಬಿಟ್ಟುಕೊಂಡ. ಹಳೆಯ ಬಾಗಿಲು ಕಿರ್ರೆನ್ನದೆ ತೆರೆದುಕೊಂಡಿತು. ನೆಲದ ಮೇಲೆ ಕೂತು, ರೋಲರನ್ನು ಬಟ್ಟೆಯಿಂದ ಬಿಚ್ಚಿದ. ಕಪ್ಪಗೆ, ನುಣ್ಣಗೆ, ಉಗುರು ಒತ್ತಿದರೆ ತಗ್ಗಿ ಮತ್ತೆ ಮೇಲೇಳುವ ರಬ್ಬರು.

“ಯಜಮಾನ್ರೆ, ಒಂದು ಮಾತು ಕೇಳ್ಲಾ? ಹಳೇ ರಬ್ಬರಿನ ಮೇಲೆ ಮಸಿ ನೇರವಾಗೇ ಹತ್ತಿತ್ತು. ನೀವು ಹಾಳೆನೇ ಹಾಕಲ್ಲ.”

ಬಸವರಾಜಪ್ಪ ಅಡುಗೆಮನೆಯ ಕಡೆ ಕಣ್ಣು ಹಾಯಿಸಿದರು.

“ಮೆಲ್ಲಗೆ.”

“ಮತ್ತೆ ಕೋರ್ಟಿನ ಕೈ ಅಂದ್ರೆ ಹತ್ತೂ ಬೆರಳು ಒಂದೇ ಸಮ ಬೀಳಬೇಕು. ಇಲ್ಲಿ ನಾಕೈದು ಅಕ್ಷರ ಮಾತ್ರ ಗುಂಡಿ ತೋಡಿದ್ವು. ಮೆಣಸು ಕುಟ್ಟಿದಂಗೆ.”

“ಸದ್ದು ಕೇಳ್ತಿದ್ರೆ ನಮ್ಮಾಕೆ ಕರೆಯಲ್ಲಪ್ಪ. ಬರೀತಾರೆ ಅಂದ್ಕೊಂತಾಳೆ. ಇಲ್ದಿದ್ರೆ ಬೆಳ್ಳುಳ್ಳಿ ಬಿಡಿಸಿ, ಸೊಪ್ಪು ಸೋಸಿ, ಮೋಟ್ರು ಹಾಕಿ ಅಂತ ನೂರೆಂಟು.”

ಮೂಕಪ್ಪನಿಗೆ ನಗು ಬಂತು. ಅವನೂ ಮದುವೆಯಾದವನೇ. ಕುರ್ಚಿಗೊರಗಿ ಅರ್ಧ ನಿದ್ದೆಯಲ್ಲಿ ಕೀಲಿ ಕುಟ್ಟುತ್ತಿರುವ ಬಸವರಾಜಪ್ಪ ಕಣ್ಣಿಗೆ ಕಟ್ಟಿದರು.

“ಹಂಗಂತ ಅಮ್ಮಾರ ಮಾತು ಮೀರಾಕೆ ಆಗಲ್ಲ. ಪೂರ್ತಿ ಸುಮ್ಮನಾಗಿಸಿಬಿಡ್ತೀನಿ,” ಎಂದು ಅವರನ್ನು ಕೆಣಕಿದ.

ಮಂಚದ ಮೇಲೆ ರುದ್ರಾಕ್ಷಿ ಸರ ನಿಂತಿತು. ಒಂದು ಕ್ಷಣ. ಮತ್ತೆ ಓಡಿತು. ಮುದುಕಿಗೆ ಜೋಂಪು ಹತ್ತಿರಬೇಕು ಎಂದುಕೊಂಡ ಮೂಕಪ್ಪ.

ಇಬ್ಬರನ್ನೂ ಸಮಾಧಾನ ಮಾಡುವ ದಾರಿ ಅವನಿಗೆ ಹೊಳೆಯಿತು. ರೋಲರಿಗೆ ಹೊಸ ರಬ್ಬರು ಬಿದ್ದರೆ ತಲೆ ಒಡೆಯುವ ಏಟು ಹೋಗುತ್ತದೆ. ಯಂತ್ರದ ಕಾಲಿನ ಹಳೆಯ ರಬ್ಬರನ್ನು ಹಾಗೇ ಬಿಟ್ಟರೆ, ಕೆಳಗಿನ ಹಲಗೆ ಸ್ವಲ್ಪ ಗುಂಯ್ ಎನ್ನುತ್ತದೆ. ಬೀದಿಗೆ ಹೋಗದು, ಅಡುಗೆಮನೆಗೆ ತಪ್ಪದು.

ರೋಲರ್ ಕೂರಿಸಿ, ತಿರುಪು ಬಿಗಿಮಾಡಿ, “ನೋಡ್ರಿ ಈಗ,” ಎಂದ.

ಬಸವರಾಜಪ್ಪ ಕೂತರು. ಹತ್ತು ಬೆರಳೂ ಮಗ್ಗದ ಲಾಳಿಯಂತೆ ಓಡಿದವು. ಮೂಕಪ್ಪ ಬಾಯಿ ತೆರೆದು ನೋಡಿದ. ಇಂಥ ಕೈ ಮೆಣಸು ಕುಟ್ಟುವುದಾದರೂ ಹೇಗೆ? ನಿದ್ದೆ ಮನುಷ್ಯನನ್ನು ಏನು ಬೇಕಾದರೂ ಮಾಡುತ್ತದೆ, ಬಿಡು.

ಕಸ್ತೂರಮ್ಮ ಅಡುಗೆಮನೆಯಿಂದಲೇ ತೀರ್ಪು ಕೊಟ್ಟರು. “ಪರ್ವಾಗಿಲ್ಲ. ಇಷ್ಟಾದ್ರೆ ನಡೀತೈತೆ. ಬರ್ರಿ, ಬಿಸಿ ರೊಟ್ಟಿ ಐತೆ, ತಿಂದು ಹೋಗ್ರಿ.”

ಗುಜರಿಯ ಗಂಡಾಂತರ ಕಳೆಯಿತು. ಬಸವರಾಜಪ್ಪ ಮೂಕಪ್ಪನ ಕೈ ಹಿಡಿದು ಅಲುಗಿಸಿದರು. “ನನ್ನ ಜೀವ ಉಳಿಸಿದೆಯಪ್ಪ. ಇನ್ನು ನಾನು ಕೆಲಸಕ್ಕೆ ಕೂರ್ತೀನಿ,” ಎಂದು ಕೋಣೆಯ ಬಾಗಿಲು ಮುಂದೆ ಮಾಡಿಕೊಂಡರು.

ಮೂಕಪ್ಪ ರೊಟ್ಟಿ ಮುರಿಯುತ್ತಿದ್ದಾಗ ಒಳಗೆ ಶುರುವಾಯಿತು. ಟಕ್. ಟಕ್ ಟಕ್. ಸ್ವಲ್ಪ ಬಿಡುವು. ಟಕ್.

“ಮೊದಲನೇ ಅಧ್ಯಾಯ,” ಎಂದರು ಕಸ್ತೂರಮ್ಮ. ದನಿಯಲ್ಲಿ ಬೈಗುಳಕ್ಕಿಂತ ನೆಮ್ಮದಿಯೇ ಹೆಚ್ಚಿತ್ತು. “ಮನೇಲಿ ಅದಾರೆ ಅನ್ನೋದು ಗೊತ್ತಾಗ್ತೈತೆ, ಅಷ್ಟು ಸಾಕು.”

ಮೂಕಪ್ಪ ಮಜ್ಜಿಗೆಯನ್ನೂ ಕುಡಿದು, ಚೀಲ ಹೆಗಲಿಗೇರಿಸಿ ಬಸ್ ನಿಲ್ದಾಣಕ್ಕೆ ನಡೆದ. ಹೊನ್ನಾಳಿ ಬಸ್ಸು ಇನ್ನೂ ಬಂದಿರಲಿಲ್ಲ. ಬಾಣಲೆಯ ವಾಸನೆ ಮೂಗಿಗೆ ಬಡಿದು ಮಿರ್ಚಿ ಗಾಡಿಯ ಕಡೆ ತಿರುಗಿದ.

ಗಾಡಿಯ ಹಿಂದಿನ ಬೆಂಚಿನಲ್ಲಿ, ತೊಡೆಯ ಮೇಲೆ ಮಂಡಕ್ಕಿಯ ಪೊಟ್ಟಣ, ಕೈಯಲ್ಲಿ ಅರ್ಧ ಕಚ್ಚಿದ ಮಿರ್ಚಿ ಹಿಡಿದು ಬಸವರಾಜಪ್ಪ ಕೂತಿದ್ದರು. ಹೊಗೆಯಾಡುವ ತುತ್ತನ್ನು ಬಾಯಲ್ಲಿ ಆ ಕಡೆ ಈ ಕಡೆ ಹೊರಳಿಸುತ್ತಿದ್ದರು.

ಮೂಕಪ್ಪ ಹಿಂದೆ ತಿರುಗಿ ಮನೆಯ ದಿಕ್ಕು ನೋಡಿದ. ಮತ್ತೆ ಇವರನ್ನು ನೋಡಿದ.

“ಯಜಮಾನ್ರೆ! ನೀವು ಇಲ್ಲಿ... ಹಂಗಾರೆ ಅಲ್ಲಿ ಕುಟ್ತಿರೋರು ಯಾರು?”

ಬಸವರಾಜಪ್ಪ ತುತ್ತು ನುಂಗಿ, ಗಾಡಿಯವನಿಗೆ ಹೇಳಿದರು: “ಇನ್ನೆರಡು ಕಟ್ಟಪ್ಪ. ಮೆತ್ತಗಿರೋವು ನೋಡಿ ಹಾಕು, ನಮ್ಮ ಅವ್ವಂಗೆ ಹಲ್ಲಿಲ್ಲ.”