ಅಕ್ಕ ನಿಲ್ಲುವ ಜಾಗ

"ಬ್ಯಾಗು ಖಾಲಿ ಮಾಡಿ ಕೊಡೋ ಉಮಾಪತಿ... ಸೋಪಿನ ನೀರು ತಣ್ಣಗಾಗ್ತಿದೆ!"

ಬಚ್ಚಲಿನಿಂದ ಅಕ್ಕ ಸರ್ವಮಂಗಳ ಕೂಗಿದಳು.

ಉಮಾಪತಿ ಆಫೀಸಿನ ಬ್ಯಾಗಿನಿಂದ ಒಂದೊಂದೇ ಸಾಮಾನು ತೆಗೆದು ಮಂಚದ ಮೇಲೆ ಹಾಕುತ್ತಿದ್ದ. ಟಿಫನ್ ಡಬ್ಬಿ, ಮಡಚುವ ಛತ್ರಿ, ತಲೆನೋವಿನ ಮಾತ್ರೆ... ಕೊನೆಗೆ ಒಳಜೇಬಿನಿಂದ ಒಂದು ಲಕೋಟೆ.

ನೋಡಿದ ಕೂಡಲೇ ಅವನು ಬಚ್ಚಲಿನ ಕಡೆ ತಿರುಗಿ ನೋಡಿದ.

ಪೋಸ್ಟ್ ಮಾಡು ಎಂದು ಅಕ್ಕ ಯುಗಾದಿಗೆ ಮೊದಲೇ ಕೊಟ್ಟಿದ್ದ ಪತ್ರ. ಈಗ ದಸರಾನೂ ಮುಗಿದಿತ್ತು.

ಅರಸೀಕೆರೆಯಲ್ಲಿ ಅಕ್ಕನ ಗೆಳತಿ ಗೌರಾಂಬ ಇದ್ದಾಳೆ. ಕಿವಿ ಮಂದ, ಫೋನಿನಲ್ಲಿ ಮಾತು ಸಾಗುವುದಿಲ್ಲ. "ಒಂದು ತಿಂಗಳು ಬಂದಿರು. ಮೊದಲಿನ ಹಾಗೆ ಪಕ್ಕಪಕ್ಕ ಕೂತು ಸಿನಿಮಾ ನೋಡೋಣ" ಎಂದು ಬರೆದಿದ್ದಳು. ಬರುತ್ತೇನೆ ಎಂದು ಅಕ್ಕ ಬರೆದ ಉತ್ತರ ಇದು.

ಮೊದಲ ದಿನ ಉಮಾಪತಿ ಮರೆತದ್ದು ನಿಜ...

ಆಮೇಲೆ ಮರೆತಿರಲಿಲ್ಲ. ಅಕ್ಕ ಒಂದು ತಿಂಗಳು ಹೋದರೆ ಅಡುಗೆಗೆ ಯಾರು? ಹೆಂಡತಿ ಶೈಲಜಳಿಗೆ ಶಾಲೆಯ ಕೆಲಸ, ಮಗನಿಗೆ ಪರೀಕ್ಷೆ... ಮುಂದೆ ನೋಡೋಣ, ಮುಂದೆ ನೋಡೋಣ ಎಂದು ಪತ್ರ ಬ್ಯಾಗಿನಲ್ಲೇ ಉಳಿಯಿತು.

"ಪೋಸ್ಟಿಗೆ ಹಾಕಿದ್ಯೇನೋ?" ಎಂದು ಅಕ್ಕ ಕೇಳಿದಾಗಲೆಲ್ಲ "ಹೂಂ, ಹಾಕ್ದೆ ಅಕ್ಕ" ಎನ್ನುತ್ತಿದ್ದ.

ಈಗಲೂ ಲಕೋಟೆಯನ್ನು ಹೋಮ್ ಥಿಯೇಟರ್ ಕ್ಯಾಟಲಾಗ್ ಒಳಗೆ ತೂರಿಸಿ, ಬ್ಯಾಗನ್ನು ಅಕ್ಕನ ಕೈಗೆ ಕೊಟ್ಟ.

ಅವತ್ತು ಅವನು ಸರೌಂಡ್ ಸೌಂಡ್ ರಿಸೀವರ್ ಕೊಳ್ಳಲು ಹೊರಟಿದ್ದ. ಟಿವಿಯ ಸದ್ದನ್ನು ಸುತ್ತಲಿನ ಸ್ಪೀಕರ್‌ಗಳಿಗೆ ಹಂಚುವ ಪೆಟ್ಟಿಗೆ. ಕಡಿಮೆ ಬೆಲೆಗೆ ಒಳ್ಳೆಯದು ಬೇಕೆಂದು ವಾರಗಟ್ಟಲೆ ಯೂಟ್ಯೂಬ್ ನೋಡಿದ್ದ.

ಅಂಗಡಿಗೆ ಅಕ್ಕನೂ ಬರಲೇಬೇಕು. ಅವರ ಮನೆಯ ರೂಢಿ ಅದು... ಹೊಸ ಸಾಮಾನನ್ನು ಮೊದಲು ಅಕ್ಕ ಮುಟ್ಟಬೇಕು.

"ಫ್ರಿಜ್ಜಿಗೂ ನಾನೇ, ಟಿವಿಗೂ ನಾನೇ. ಈ ಗದ್ದಲದ ಡಬ್ಬಿಗೂ ನನ್ನ ಕೈಗುಣಾನೇ ಬೇಕೇನೋ?" ಸ್ಕೂಟರ್ ಹತ್ತುತ್ತಾ ಅಕ್ಕ ನಕ್ಕಳು.

"ನೀನು ಮುಟ್ಟಿದ್ದು ರಿಪೇರಿಗೆ ಬರಲ್ಲ ಅಕ್ಕ."

"ಮತ್ತೆ ಮಿಕ್ಸಿ ಸುಟ್ಟೋಯ್ತಲ್ಲ?"

"ಅದನ್ನ ಮೊದಲು ಶೈಲಜ ಮುಟ್ಟಿದ್ಲು!"

ಅಂಗಡಿಯ ಹೆಣ್ಣುಮಗಳು ತಾಳ್ಮೆಯವಳು. "ಬಜೆಟ್ ಕಡಿಮೆ ಅಂತೀರ, ಸೆವೆನ್ ಪಾಯಿಂಟ್ ಒನ್ ಯಾಕೆ ಸರ್? ಚಿಕ್ಕ ಹಾಲ್‌ಗೆ ಫೈವ್ ಪಾಯಿಂಟ್ ಒನ್ ರಿಸೀವರ್ ಸಾಕು. ಮುಂದೆ ಮೂರು ಸ್ಪೀಕರ್, ಹಿಂದೆ ಎರಡು, ಗುಡುಗಿನಂಥ ಸದ್ದಿಗೆ ಒಂದು ವೂಫರ್. ಮನೇಲಿ ಯಾರ‍್ಯಾರು ಎಲ್ಲೆಲ್ಲಿ ಇರ್ತೀರ... ಒಂದು ಚಿತ್ರ ಬರೆದುಕೊಡಿ."

ಜೊತೆಗೆ ತಂದಿದ್ದ ಕ್ಯಾಟಲಾಗ್ ಹಿಂದೆಯೇ ಉಮಾಪತಿ ಬರೆದ. ಒಳಗಿದ್ದ ಲಕೋಟೆಯ ಅಂಚು ಪೆನ್ನಿಗೆ ತಡೆಯುತ್ತಿತ್ತು.

ಟಿವಿ... ಎದುರಿಗೆ ಸೋಫಾ... ತಾನು, ಶೈಲಜ, ಮಗ... ಕೆಳಗೆ ನಾಯಿ ರಾಣಿ ಮಲಗುವ ಗೋಣಿತಾಟು.

"ವೂಫರ್ ನಾಯಿ ಹತ್ರ ಬೇಡಮ್ಮ" ಎಂದ. "ಪಾಪ, ಹೆದರ‍್ಕೊಳುತ್ತೆ."

ಆಕೆ ಚಿತ್ರದಲ್ಲಿದ್ದ ಅಡುಗೆಮನೆಯ ಬಾಗಿಲ ಮೇಲೆ ಬೆರಳಿಟ್ಟಳು. "ಹಿಂದಿನ ಸ್ಪೀಕರ್ ಸ್ಟ್ಯಾಂಡ್ ಇಲ್ಲಿಡಬಹುದು. ಇಲ್ಲಿ ಯಾರೂ ಇರಲ್ಲ ತಾನೆ?"

"ಇಲ್ಲಮ್ಮ... ಅಲ್ಲಿ ಯಾರೂ ಇಲ್ಲ" ಎಂದ ಉಮಾಪತಿ.

ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ ಅಕ್ಕ ಮೆಲ್ಲಗೆ ಹೇಳಿದಳು. "ಸ್ವಲ್ಪ ಈಚೆಗಿಡ್ತೀಯೇನಮ್ಮ ಅದನ್ನ? ಅಲ್ಲಿ ಯಾರೂ ಕೂರಲ್ಲ ನಿಜ... ನಾನು ನಿಂತ್ಕೋತೀನಿ. ಒಲೆ ಕಡೆಗೂ ಕಣ್ಣಿರಬೇಕಲ್ಲ, ಅದಕ್ಕೆ."

ಅವಳ ಮಾತಿನಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು...

ಉಮಾಪತಿ ಚಿತ್ರ ನೋಡಿದ. ನಾಯಿ ಇತ್ತು. ಅಕ್ಕ ಇರಲಿಲ್ಲ.

ಅಮ್ಮ ತೀರಿಹೋದ ವರ್ಷ ಟೆಂಟ್ ಸಿನಿಮಾದಲ್ಲಿ, ಮುಂದಿನವರ ತಲೆ ಅಡ್ಡ ಬರುತ್ತದೆ ಎಂದು ಅತ್ತವನು ಅವನು. ಅಕ್ಕ ಅವನನ್ನು ಸೊಂಟದ ಮೇಲೆ ಎತ್ತಿಕೊಂಡು ಇಡೀ ಸಿನಿಮಾ ನಿಂತೇ ತೋರಿಸಿದ್ದಳು. ಅವತ್ತು ನಿಂತವಳು... ಅವನ ಮನೆಯಲ್ಲಿ ಇವತ್ತಿಗೂ ಕೂತಿಲ್ಲ.

ಅವನು ಕ್ಯಾಟಲಾಗ್ ಬಿಡಿಸಿದ. ಲಕೋಟೆಯನ್ನು ಹೊರಗೆ ತೆಗೆದ.

"ಅಕ್ಕ... ನಾನಿದನ್ನ ಹಾಕಿರಲಿಲ್ಲ."

"ಗೊತ್ತು ಕಣೋ. ಹೋದ ಸಲ ಬ್ಯಾಗು ಒಗೆಯೋವಾಗ ಸಿಕ್ತು. ನೆನೆಯದ ಹಾಗೆ ತೆಗೆದಿಟ್ಟು, ಬ್ಯಾಗು ಒಣಗಿದ ಮೇಲೆ ಮತ್ತೆ ಅಲ್ಲೇ ಇಟ್ಟೆ."

"ಮತ್ತೆ ನನ್ನ ಯಾಕೆ ಕೇಳ್ಲಿಲ್ಲ?"

"ಕೇಳ್ತಾನೇ ಇದ್ನಲ್ಲೋ... ಹಾಕಿದ್ಯಾ ಅಂತ."

ಉಮಾಪತಿಗೆ ತಲೆ ಎತ್ತಲಾಗಲಿಲ್ಲ. ಕಣ್ಣು ತುಂಬಿ, ಬರೆದ ಚಿತ್ರವೆಲ್ಲ ಮಂಜಾಯಿತು.

"ರಿಸೀವರ್ ಇವತ್ತು ಬೇಡಮ್ಮ" ಎಂದು ಅಂಗಡಿಯವಳಿಗೆ ಹೇಳಿ, ಅವಳ ಪೆನ್ನಿನಿಂದಲೇ ಲಕೋಟೆಯ ಹಿಂದೆ ಬರೆದ. 'ಗೌರಕ್ಕ, ತಡವಾದದ್ದು ನನ್ನಿಂದ. ಅಕ್ಕನನ್ನು ನಾನೇ ಕರೆತರುತ್ತೇನೆ.'

"ತಿಂಗಳು ಪೂರ್ತಿ ಇದ್ದು ಬಾ ಅಕ್ಕ. ಅಡುಗೆ ನಾವು ಮಾಡ್ಕೋತೀವಿ."

"ಉಪ್ಪು ಯಾವ ಡಬ್ಬೀಲಿದೆ ಅಂತ ಗೊತ್ತೇನೋ ನಿಂಗೆ?"

ಅವನಿಗೆ ಗೊತ್ತಿರಲಿಲ್ಲ.

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. "ಗೌರಂಗೆ ಸಿನಿಮಾದ ಮಾತು ಕೇಳಿಸಲ್ಲ. ಪಕ್ಕದಲ್ಲಿ ಕೂತು ನಾನೇ ಅವಳ ಕಿವೀಲಿ ಹೇಳ್ಬೇಕು..."

ರಸ್ತೆಯಾಚೆ ಕೆಂಪು ಅಂಚೆಡಬ್ಬಿ ಇತ್ತು. ಉಮಾಪತಿ ಪತ್ರವನ್ನು ಅಕ್ಕನತ್ತ ಚಾಚಿದ. "ಮೊದಲು ನಿನ್ನ ಕೈ ಮುಟ್ಟಬೇಕು. ನೀನೇ ಹಾಕಕ್ಕ."

"ಬೇಡ. ನಾನು ಕೊಟ್ಟಿದ್ದು ನಿನ್ನ ಕೈಗೆ. ನೀನೇ ಹಾಕು."

ಅವನು ಹಾಕಿದ. ಪತ್ರ ಒಳಗೆ ಬಿದ್ದ ಸದ್ದು ಇಬ್ಬರಿಗೂ ಕೇಳಿಸಿತು...

ನಮಗಾಗಿ ನಿಂತೇ ಇರುವವರನ್ನು, ಅಲ್ಲಿ ಯಾರೂ ಇಲ್ಲ ಎಂದುಕೊಂಡುಬಿಡುತ್ತೇವೆ.

ನಿಮ್ಮ ಮನೆಯ ಚಿತ್ರ ಬರೆಯಲು ಕೂತರೆ... ನೀವು ಯಾರನ್ನು ಬರೆಯುವುದು ಮರೆಯುತ್ತೀರಿ?