ವಿಕ್ಟೋರಿಯಾ ರಾಣಿಯ ದಂಡಿನ ಡಾಕ್ಟರು

“ಇವ ಡಾಕ್ಟರೂ ಅಲ್ಲ, ಸಿಪಾಯಿಯೂ ಅಲ್ಲ. ಶುದ್ಧ ಸುಳ್ಳುಗಾರ!”

ವಸಂತಕುಮಾರ ನೋಟ್‌ಪುಸ್ತಕವನ್ನು ಟೀಪಾಯಿಗೆ ಬಡಿದ ಹೊಡೆತಕ್ಕೆ ಕೊಲ್ಲಿ ದೇಶದ ಜಿಂಜ್ ಬಡಾವಣೆಯ ಆ ಫ್ಲ್ಯಾಟಿನ ಏಸಿಯೂ ಒಂದು ಕ್ಷಣ ಉಸಿರು ಬಿಗಿಹಿಡಿಯಿತು. ಎದುರಿಗೆ ಕೂತಿದ್ದ ಟೈಪಿಸ್ಟ್ ಕುಶಲ ತಲೆ ತಗ್ಗಿಸಿದ. ಆ ಪುಸ್ತಕದಲ್ಲಿದ್ದ ನಾಟಕವನ್ನು ಕನ್ನಡ ಸಂಘಕ್ಕೆಂದು ಬರೆದವನು ಅವನೇ. ನಾಯಕ, ವಿಕ್ಟೋರಿಯಾ ರಾಣಿಯ ಕಾಲದ ಒಬ್ಬ ದಂಡಿನ ಡಾಕ್ಟರು.

ವಸಂತಕುಮಾರನಿಗೆ ನಾಟಕ ಬೇಕಿರಲಿಲ್ಲ. ಲೀಲಾಕ್ಷಿ ಬೇಕಿದ್ದಳು. ಅವಳ ತಾಯಿ ರಾಜೀವಿಯಮ್ಮ ಹೂಂ ಅಂದರೆ ಮುಂದಿನ ಶುಕ್ರವಾರವೇ ನಿಶ್ಚಿತಾರ್ಥ. ನಡುವೆ ಈ ಕುಶಲ ಅವಳನ್ನು ಕಣ್ಣಲ್ಲೇ ನುಂಗುತ್ತಿದ್ದ. ಇವತ್ತು ಅವನನ್ನು ಅರೆದು ಹಿಟ್ಟು ಮಾಡಿಯೇ ಏಳಬೇಕು.

“ನೀವು ಈಗ ಔಷಧಿ ಗೋದಾಮಿನ ಮ್ಯಾನೇಜರಾದ್ರೂ ಮಿಲಿಟರಿ ಡಾಕ್ಟರಾಗಿದ್ದವರು, ಎಪ್ಪತ್ತೊಂದರ ಯುದ್ಧ ಕಂಡವರು. ಅದಕ್ಕೇ ಕರೆದದ್ದು ಮಾರಾಯ್ರೆ” ಎಂದರು ರಾಜೀವಿಯಮ್ಮ, ಚಾ ಮುಂದಿಡುತ್ತಾ. “ತಪ್ಪು ಎಂತ ಉಂಟು, ಬಿಡಿಸಿ ಹೇಳಿ.”

“ಒಂದಾ ಎರಡಾ? ಮೊದಲನೇ ಅಂಕದಲ್ಲಿ ಗುಂಡು ಭುಜಕ್ಕೆ. ಮೂರನೇದರಲ್ಲಿ ಅದೇ ಗುಂಡು ಕಾಲಿಗೆ. ಭುಜದಿಂದ ಕಾಲಿಗೆ ಟ್ಯಾಕ್ಸಿ ಮಾಡ್ಕೊಂಡು ಹೋಯ್ತಾ?”

ಲೀಲಾಕ್ಷಿ ಸೆರಗನ್ನು ಬಾಯಿಗೊತ್ತಿಕೊಂಡಳು. ಅವಳ ನಗು ಕಂಡು ವಸಂತಕುಮಾರ ಬಾಗಿಲಲ್ಲಿ ಹಿಡಿಸದಷ್ಟು ಉಬ್ಬಿದ.

“ಡಿಸೆಂಬರ್‌ನಲ್ಲಿ ಅಫ್ಘಾನಿಸ್ತಾನ. ಅದೇ ಡಿಸೆಂಬರ್‌ನಲ್ಲಿ ಆಫ್ರಿಕಾ. ಇವನಿಗೆ ರೆಕ್ಕೆ ಇತ್ತಾ? ಒಂದೇ ದಿನ ಇನ್ನೂರು ಆಪರೇಷನ್, ಅದೂ ಒಂದೇ ಕೈಯಲ್ಲಿ! ಬರೆದವನಿಗೆ ನಾಚಿಕೆ ಬೇಡ್ವಾ?”

“ಹಾಗಾದ್ರೆ ಇವ ಯುದ್ಧಕ್ಕೆ ಹೋಗಲೇ ಇಲ್ಲ ಅಂತೀರಾ?” ರಾಜೀವಿಯಮ್ಮ ಕೇಳಿದರು.

“ಯುದ್ಧವಾ? ದಂಡಿನ ಅಡುಗೆಮನೆ ಕೂಡ ಕಂಡವನಲ್ಲ. ಇಂಥವ ಬಂದ್ರೆ ಮೆಟ್ಟಿಲಿನಿಂದಲೇ ಓಡಿಸಬೇಕು.”

“ಹೆಣ್ಣು ಕೊಡಬಹುದಾ?”

“ಹೆಣ್ಣಾ? ಬೆಕ್ಕಿನ ಮರಿ ಕೂಡ ಕೊಡಬಾರದು!”

ಕುಶಲನ ಕಿವಿ ಕೆಂಪಗಾಗಿತ್ತು. ಗೆದ್ದೆ ಎಂದುಕೊಂಡ ವಸಂತಕುಮಾರ ಕಾಲ ಮೇಲೆ ಕಾಲು ಹಾಕಿ ಚಾ ಎತ್ತಿಕೊಂಡ.

“ಪಾಪ, ಕುಶಲ ಸ್ವಂತದ್ದು ಅಂತ ಹಾಕಿದ್ದು ರಾಣಿಯನ್ನೂ ಆ ಎರಡು ಜಾಗದ ಹೆಸರನ್ನೂ ಮಾತ್ರ ಮಾರಾಯ್ರೆ” ಎಂದರು ರಾಜೀವಿಯಮ್ಮ. “ಭುಜದ ಗುಂಡು ನೀವು ನನಗೆ ಹೇಳಿದ್ದು, ಕಾಲಿನದ್ದು ಲೀಲಾಕ್ಷಿಗೆ, ಉಳಿದದ್ದೆಲ್ಲ ಅವಳ ಅಣ್ಣನಿಗೆ.”